ಕ್ರೇನಣ್ಣನ ಕಳ್ಳ ಉಸಿರು

ಇಪ್ಪತ್ತೆರಡು ವರ್ಷ ಮುಗಿಲೆತ್ತರದ ಗಾಜಿನ ಗೂಡಿನಲ್ಲಿ ಕೂತು ಕಬ್ಬಿಣದ ತೊಲೆ ಎತ್ತಿಳಿಸಿದ ನಮ್ಮ ಕ್ರೇನಣ್ಣ, ಎಂಆರ್‌ಐ ಕೊಳವೆಯೊಳಗೆ ಹೋದ ಐದೇ ನಿಮಿಷಕ್ಕೆ ಬೆವೆತುಹೋದ. ಎದೆಯ ಮೇಲೆ ಹಲಗೆಯಂಥದ್ದೇನೋ ಬಿಗಿದಿದ್ದರು. ಮೂಗಿನಿಂದ ಗೇಣು ದೂರದಲ್ಲೇ ಚಾವಣಿ. ಕೈ ಎತ್ತಲೂ ಜಾಗವಿಲ್ಲ.

ಕಂಪನಿಯ ವಾರ್ಷಿಕ ತಪಾಸಣೆಯಲ್ಲಿ ಇಸಿಜಿ ಎಡವಟ್ಟಾಗಿತ್ತು. ಹೃದಯದ ಗೋಡೆಯಲ್ಲಿ ಹಳೆಯ ಗಾಯವಿದೆಯೇ ನೋಡಬೇಕು, ಇದ್ದರೆ ಇನ್ನು ಕ್ರೇನ್ ಹತ್ತುವಂತಿಲ್ಲ ಎಂದಿದ್ದರು ಡಾಕ್ಟರು. ಗಾಯ ಇದೆಯೆಂದು ಕ್ರೇನಣ್ಣನಿಗೆ ಗೊತ್ತಿತ್ತು. ಯಾವ ದಿನದ್ದೆಂದೂ ಗೊತ್ತಿತ್ತು. ಮನೆಯಲ್ಲಿ ಮಾತ್ರ ಗ್ಯಾಸ್ ಎಂದು ತೇಲಿಸಿಬಿಟ್ಟಿದ್ದ. ಬೇರೆ ಕೆಲಸ ಬಾರದ ಮನುಷ್ಯ ಮತ್ತೇನು ಮಾಡಿಯಾನು?

"ಉಸಿರು ಪೂರ್ತಿ ಬಿಡಿ. ಹಾಗೇ ಹಿಡ್ಕೊಳ್ಳಿ, ಅಲ್ಲಾಡ್ಬೇಡಿ," ಎಂದಿತು ಕಿವಿಯಲ್ಲಿ ಟೆಕ್ನಿಷಿಯನ್ ಹುಡುಗಿಯ ದನಿ. ಹಿಂದೆಯೇ ತಗಡು ಬಡಿದಂಥ ಸದ್ದು. ನಡುವೆ ಉಸಿರಾಡಿದರೆ ಚಿತ್ರ ಕಲಸಿಹೋಗುತ್ತದೆ ಎಂದು ಅವಳೇ ಮೊದಲು ಹೇಳಿದ್ದಳು. ಪಾಪ, ಯಾರ ಮುಂದೆ ಹೇಳುತ್ತಿದ್ದೇನೆಂದು ಅವಳಿಗೇನು ಗೊತ್ತು! ಯಂತ್ರಕ್ಕೇ ಚಳ್ಳೆಹಣ್ಣು ತಿನ್ನಿಸೋಣವೆಂದು ಕ್ರೇನಣ್ಣ ಮೆಲ್ಲಗೆ ಒಂದು ಕಳ್ಳ ಉಸಿರೆಳೆದ.

"ಅಣ್ಣಾ, ಉಸಿರಾಡಿದ್ರಿ. ಇನ್ನೊಂದ್ ಸಲ."

ಮತ್ತೆ ಎಳೆದ. ಐದು ಸಲ ಹೀಗೇ ಆಯಿತು.

"ಪರವಾಗಿಲ್ಲ ಬಿಡಿ, ನನಗೇನೂ ಅವಸರ ಇಲ್ಲ. ಚಿತ್ರ ಸರಿ ಬರೋ ತನಕ ಇಬ್ರೂ ಇಲ್ಲೇ ಇರೋಣ."

ಅವನಿಗೆ ಅಳುವೇ ಬಂತು. ಹೊರಗೆ ಹೋಗಲಾರ, ಒಳಗಿರಲಾರ. ಅಲುಗದೆ ಮಲಗಿದವನಿಗೆ ಆ ದಿನ ಕಣ್ಣಿಗೆ ಕಟ್ಟಿತು. ಎದೆ ಹಿಂಡುತ್ತಿದೆ, ಎಡಗೈ ಮರಗಟ್ಟಿದೆ, ಕೊಕ್ಕೆಯಲ್ಲಿ ಎರಡು ಟನ್ ತೊಲೆ ತೂಗುತ್ತಿದೆ. ಅದರ ಕೆಳಗೆ ತಲೆಯೆತ್ತಿ ಕೈಸನ್ನೆ ಮಾಡುತ್ತ ನಿಂತಿದ್ದಾನೆ ಹೆಂಡತಿಯ ತಮ್ಮ. ಅವನನ್ನು ಕೆಲಸಕ್ಕೆ ಸೇರಿಸಿದ್ದು ಇವನೇ. ತೊಲೆ ನೆಲಕ್ಕೆ ಹೇಗೆ ಇಳಿಯಿತೋ ಇವತ್ತಿಗೂ ನೆನಪಿಲ್ಲ.

ಆರನೇ ಸಲ ಕ್ರೇನಣ್ಣ ಉಸಿರು ಪೂರ್ತಿ ಬಿಟ್ಟು ಬಿಗಿಹಿಡಿದ.

ಎರಡು ದಿನ ಕಳೆದು ಗಂಡಹೆಂಡತಿ ಇಬ್ಬರೂ ಡಾಕ್ಟರ ಮುಂದೆ ಕೂತರು. ಪರದೆಯ ಮೇಲೆ ಹೃದಯದ ಕಪ್ಪು ಗೋಡೆ, ಅದರೊಳಗೆ ಒಂದು ಬೆಳ್ಳನೆಯ ಗೆರೆ.

"ಇದು ಹಳೇ ಹಾರ್ಟ್ ಅಟ್ಯಾಕಿನ ಕಲೆ. ಯಾವಾಗಾದ್ರೂ ಜೋರಾಗಿ ಎದೆನೋವು ಬಂದಿತ್ತಾ?"

"ಇಲ್ಲ ಡಾಕ್ಟ್ರೇ, ಇವರದ್ದು ಬರೀ ಗ್ಯಾಸು," ಎಂದು ಹೆಂಡತಿಯೇ ವಹಿಸಿಕೊಂಡು ಹೇಳಿದಳು.

"ಬಂದಿತ್ತು," ಎಂದ ಕ್ರೇನಣ್ಣ. ಅವಳ ಕಡೆ ತಿರುಗಿದ. "ಹೋದ ವರ್ಷ, ಮೇಲಿದ್ದಾಗ. ಕೆಳಗೆ ನಿನ್ನ ತಮ್ಮ ನಿಂತಿದ್ದ ಕಣೇ."

ಅವಳು ಪರದೆಯ ಮೇಲಿನ ಆ ಗೆರೆಯತ್ತ ಬೆರಳು ಮಾಡಿದಳು.

"ಅದಾದ ಮೇಲೂ ದಿನಾ ಹತ್ತಿದ್ರಾ?" ಎಂದಳು. "ಅವನನ್ನ ಕೆಳಗೆ ನಿಲ್ಲಿಸ್ಕೊಂಡು?"