ಕಿಟಕಿ ಪಕ್ಕದ ಮಾನ

ರೈಲು ಇನ್ನೂ ಪೂರ್ತಿ ನಿಂತಿರುವುದಿಲ್ಲ, ಅಷ್ಟರಲ್ಲೇ ಕಿಟಕಿಯ ಸರಳುಗಳ ನಡುವಿನಿಂದ ಒಂದು ಕರವಸ್ತ್ರ ಒಳಗೆ ಬಿದ್ದು, ಅದು ಬಿದ್ದಷ್ಟು ಜಾಗ ಒಬ್ಬ ಮಹಾನುಭಾವನ ಪಿತ್ರಾರ್ಜಿತವಾಗಿಬಿಡುತ್ತದೆ. ಮೊನ್ನೆ ಘಟಪ್ರಭಾ ನಿಲ್ದಾಣದಲ್ಲಿ ಹತ್ತಿದ ಇಬ್ಬರು ಸದ್ಗೃಹಸ್ಥರು ಇಂಥದೊಂದು ಕರವಸ್ತ್ರದ ದೆಸೆಯಿಂದ ಬೆಳಗಾವಿ ಮುಟ್ಟುವವರೆಗೂ ಪರಸ್ಪರರ ವಂಶವನ್ನು ಜಾಲಾಡಿದರು. ನೀವಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದಿರಿ. ನನಗೆ ನಗು ಬರಲಿಲ್ಲ, ಹೇಸಿಕೆ ಬಂತು. ಕಿಟಕಿ ಪಕ್ಕದ ಜಾಗಕ್ಕಾಗಿ ಮನುಷ್ಯ ಏನನ್ನು ಪಣಕ್ಕಿಡಬಲ್ಲ ಎಂಬುದನ್ನು ನಾನು ಹನ್ನೊಂದನೆಯ ವಯಸ್ಸಿನಲ್ಲೇ ಕಂಡವಳು.

ನಾನು ಸರ್ಕಸ್ಸಿನವರ ಮಗಳು. ಹೀಗೆಂದ ಕೂಡಲೇ ಕೊಣ್ಣೂರಿನ ನಮ್ಮ ಓಣಿಯ ಹೆಂಗಸರು, "ಏನ ಚೊಲೋ ಜೀವನಾರೀ ನಿಮ್ಮದು! ರೈಲಾಗ ಮನಿ, ದಿನಾ ಹೊಸಾ ಊರು, ಹೇಳವರಿಲ್ಲ ಕೇಳವರಿಲ್ಲ" ಎಂದು ಕಣ್ಣರಳಿಸುತ್ತಾರೆ. ಹೇಳುವವರು ಕೇಳುವವರು ಇಲ್ಲವಂತೆ! ನಮ್ಮ ಆ ಹಳೆಯ ರೈಲು ಡಬ್ಬಿಯೊಳಗಿದ್ದಷ್ಟು ಮೇಲು-ಕೀಳು, ಮಡಿ-ಮೈಲಿಗೆ ನಿಮ್ಮ ಯಾವ ಅಗ್ರಹಾರದಲ್ಲೂ ಇದ್ದಿರಲಾರದು. ಎತ್ತರದಲ್ಲಿ ಹಾರುವ ಉಯ್ಯಾಲೆಯವರಿಗೆ ಮುಂಭಾಗದ ಕಿಟಕಿ. ಅವರ ಹಿಂದೆ ತಂತಿಯ ಮೇಲೆ ನಡೆಯುವವರು, ಆಮೇಲೆ ಸೈಕಲ್ಲಿನವರು, ಆಮೇಲೆ ಜೋಕರುಗಳು. ಕಟ್ಟಕಡೆಗೆ, ಕಕ್ಕಸದ ಗೋಡೆಗೆ ಬೆನ್ನು ಹಚ್ಚಿ, ಒಂದು ಕಾಲಕ್ಕೆ ಹಾರಿ ನೆಗೆದು ಈಗ ಕೈಕಾಲು ಸೋತವರು. ಯಾರ ಆಟ ಕುಂದಿತೋ ಅವರ ಟ್ರಂಕು ಮುಂದಿನ ಪ್ರಯಾಣದಲ್ಲಿ ಹಿಂದಕ್ಕೆ ಸರಿಯಲೇಬೇಕು. ಗೋಕಾಕ ರೋಡ್ ನಿಲ್ದಾಣದಿಂದ ಘಟಪ್ರಭಾ ಎಂದರೆ ಬಿಸಿ ಚಹಾ ಆರುವಷ್ಟರ ದಾರಿ. ಅಷ್ಟು ದಾರಿಗೂ ಈ ಪಂಕ್ತಿ ತಪ್ಪುವಂತಿರಲಿಲ್ಲ. ಕಕ್ಕಸದ ಕಡೆಯ ಶಾಂತಕ್ಕ, ಹಿಂದೊಮ್ಮೆ ಇದೇ ಉಯ್ಯಾಲೆಯ ರಾಣಿಯಾಗಿದ್ದವಳು, ಕೊಡುವ ಚಕ್ಕುಲಿಯನ್ನು ನಾವು ಕಿಟಕಿಯವರ ಮಕ್ಕಳು ಮೂಗು ಮುರಿದು ಬೇಡವೆನ್ನುತ್ತಿದ್ದೆವು.

ಆ ಕಿಟಕಿ ನಮ್ಮದಾಗಿದ್ದು ಅಪ್ಪನ ಕೈಗಳಿಂದ. ಕೊಣ್ಣೂರಿನ ಕುರುಬರ ಮನೆಯ ಹುಡುಗ ಕುರಿ ಬಿಟ್ಟು ಸರ್ಕಸ್ಸು ಸೇರಿ, ಉಯ್ಯಾಲೆಗೆ ಮೊಣಕಾಲು ಸಿಕ್ಕಿಸಿಕೊಂಡು ತಲೆಕೆಳಗಾಗಿ ಜೋತು, ಹಾರಿ ಬರುವವರ ಮಣಿಕಟ್ಟು ಹಿಡಿಯುವವನಾಗಿದ್ದ. ಹಾರಿ ಬರುತ್ತಿದ್ದವಳು ಅವ್ವ. ಡೇರೆಯಲ್ಲೇ ಹುಟ್ಟಿ, ಮದುವೆಯಾದ ಮೇಲೆ ಕನ್ನಡ ಕಲಿತು, ಅದರಲ್ಲಿ ಅಪ್ಪನಿಗಿಂತ ಚೆನ್ನಾಗಿ ಬೈಯುತ್ತಿದ್ದವಳು. ಕೆಳಗೆ ಬಲೆ ಇರುತ್ತದಲ್ಲ ಎನ್ನುತ್ತೀರಿ. ಬಲೆ ಇರುವುದು ಬೀಳಲು ಗೊತ್ತಿದ್ದು ಬೀಳುವವರಿಗೆ. ಕೈ ಜಾರಿ ತಲೆ ಮುಂದಾಗಿ ಬಿದ್ದವರ ಕುತ್ತಿಗೆ ಬಲೆಯಲ್ಲೂ ಮುರಿಯುತ್ತದೆ.

ಗೋಕಾಕಿನ ಬಿಡಾರ ಕಿತ್ತು ಘಟಪ್ರಭಾಕ್ಕೆ ಬಂದೆವು. ಹುಕ್ಕೇರಿಗಾಗಲಿ ಮೂಡಲಗಿಗಾಗಲಿ ರೈಲಿಲ್ಲದ ಕಾರಣ ಡಬ್ಬಿಯನ್ನು ಅಲ್ಲೇ ಪಕ್ಕದ ಹಳಿಯ ಮೇಲೆ ನಿಲ್ಲಿಸಿ, ಎರಡೂ ಊರಿನ ಆಟಗಳಿಗೆ ಲಾರಿಯಲ್ಲಿ ಹೋಗಿ ಬರುವುದೆಂದು ಗೊತ್ತಾಗಿತ್ತು. ಬಂದ ದಿನವೇ ನಿಲ್ದಾಣದ ನಲ್ಲಿಯ ಹತ್ತಿರ ಅಪ್ಪ ತುಂಬಿದ ಕೊಡವನ್ನು ಬಲಗೈಯಿಂದ ಎತ್ತಹೋದ. ಕೊಡ ಎರಡು ಗೇಣು ಮೇಲೆದ್ದು, ಬೆರಳುಗಳು ತಾವಾಗಿ ಬಿಚ್ಚಿಕೊಂಡು, ಕೆಳಗೆ ಬಿತ್ತು. ಗೋಕಾಕಿನ ಆಟದಲ್ಲೇ ಭುಜದ ನರ ಸೆಳೆದಿತ್ತಂತೆ. ಸುತ್ತ ನಾನೊಬ್ಬಳೇ ಇದ್ದೆ.

"ನಿಮ್ಮವ್ವಗ ಹೇಳಬ್ಯಾಡವಾ. ನಾಕ ದಿನದಾಗ ನೆಟ್ಟಗ ಆಗತೈತಿ. ಹೇಳಿದಿ ಅಂದ್ರ ನಾಳಿಂದ ಕಕ್ಕಸದ ಬಾಜೂಕ ಮಲ್ಕೋಬೇಕಾಗತೈತಿ, ನೋಡ."

ಗಂಡಸರ ಮಾನವೆಂಬ ಪದಾರ್ಥವನ್ನು ನಾನು ಅಂದಿನಿಂದ ಕಂಡಿದ್ದೇನೆ. ಅದನ್ನು ಹೊರುವ ಕೆಲಸ ಸದಾ ಹೆಂಗಸರ ಪಾಲಿನದು. ಕೊಡ ಹಿಡಿಯಲಾರದ ಕೈಯಿಂದ ಹೆಂಡತಿಯನ್ನು ಹಿಡಿಯಲು ಹೊರಟ ಆ ಶೂರ, ಮ್ಯಾನೇಜರಿಗೆ ಒಂದು ಮಾತು ಹೇಳಿ ನಾಲ್ಕು ದಿನ ಬಿಡುವು ಕೇಳಲಾರದೆ ಹೋದ. ಬಿಡುವು ಕೇಳಿದವನ ಟ್ರಂಕು ಹಿಂದೆ ಸರಿಯುತ್ತದೆ, ಸರಿದ ಟ್ರಂಕು ಮರಳಿ ಮುಂದೆ ಬಂದದ್ದನ್ನು ಕಂಡವರಿಲ್ಲ. ಅದಕ್ಕೇ, ಬೆಂಡಾದ ಭುಜಕ್ಕೆ ಎಣ್ಣೆ ತಿಕ್ಕಿಕೊಂಡು, ಮೀಸೆ ತಿರುವಿಕೊಂಡು, ಹುಕ್ಕೇರಿಯ ಲಾರಿ ಹತ್ತಿದ.

ಎಂಟು ದಿನ ಅವ್ವ ಹಾರಿದಳು. ಎಂಟು ದಿನವೂ ನಾನು ಪರದೆಯ ಹಿಂದೆ ನಿಂತಿದ್ದೆ. ಒಂಬತ್ತನೆಯ ದಿನ, ಮಧ್ಯಾಹ್ನದ ಆಟದಲ್ಲಿ, ಅಪ್ಪನ ಬಲಗೈಯೊಳಗಿಂದ ಅವಳ ಮಣಿಕಟ್ಟು ಜಾರಿತು. ಜಾರಿ ಅಂಗೈಗೆ ಬಂತು, ಅಂಗೈಯಿಂದ ಬೆರಳಿಗೆ ಬಂತು. ಎಡಗೈಯೊಂದರ ಆಧಾರದ ಮೇಲೆ ಅವಳು ಗಿರಗಿರನೆ ತಿರುಗುತ್ತ ಹೇಗೋ ತಾನು ಹಾರಿ ಹೊರಟಿದ್ದ ಎತ್ತರದ ಹಲಗೆಗೆ ಮರಳಿದಳು. ಹುಕ್ಕೇರಿಯ ರಸಿಕರು ಇದೇ ಈ ಆಟದ ಅತ್ಯುನ್ನತ ಕಸರತ್ತೆಂದು ತಿಳಿದು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನವರೊಬ್ಬರು "ಮತ್ತೊಮ್ಮೆ ಆಗಲಿ!" ಎಂದು ಕೂಗಿದರು. ಕಲಾಭಿಮಾನವೆಂದರೆ ಹೀಗಿರಬೇಕು! ಅವ್ವ ಇಳಿದು ಬಂದು, ನಿಯಮದಂತೆ ನಕ್ಕು, ಕೈ ಮುಗಿದಳು.

ಮರುದಿನ ಬೆಳಿಗ್ಗೆ ಡಬ್ಬಿಯವರೆಲ್ಲ ಹಲ್ಲುಜ್ಜುತ್ತಿರುವಾಗ ಅವ್ವ ತಾನಾಗಿಯೇ ನಮ್ಮ ಟ್ರಂಕು ಎಳೆದುಕೊಂಡು, ಹಾಸಿಗೆ ಹೆಗಲಿಗೇರಿಸಿ, ಡಬ್ಬಿಯ ಉದ್ದಕ್ಕೂ ನಡೆದು ಕಕ್ಕಸದ ಗೋಡೆಗೆ ಇಳಿಸಿದಳು. ಯಾರೂ ಹೇಳದೆ ತಾವಾಗಿ ಹಿಂದೆ ಸರಿದವರು ಆ ಡಬ್ಬಿಯ ಚರಿತ್ರೆಯಲ್ಲೇ ಇರಲಿಲ್ಲ. ಶಾಂತಕ್ಕ ತನ್ನ ಗಂಟು ಸರಿಸಿ ಜಾಗ ಮಾಡಿದಳು.

"ನಾಕ ಮಂದ್ಯಾಗ ನನ್ನ ಮಾನ ಕಳಿಯಾಕತ್ತಿಯೇನ?" ಎಂದು ಅಪ್ಪ ಗುಡುಗಿದ.

"ನಿನ್ನ ಮಾನ ನಿನ್ನೆ ನನ್ನ ಬೆರಳಿಗೆ ಜೋತಾಡತಿತ್ತು. ಅದನ್ನ ಇಳಿಸೇನಿ, ಅಷ್ಟ" ಎಂದಳು ಅವ್ವ.

ಮೂಡಲಗಿಯಲ್ಲಿ ಅವಳು ಹಾರಲಿಲ್ಲ. ಕೋಲಿನ ತುದಿಯಲ್ಲಿ ತಟ್ಟೆ ತಿರುಗಿಸಿದಳು. ಅಪ್ಪ ಕುದುರೆಗಳಿಗೆ ಮೇವು ಹಾಕಿದ. ನಾನು, ಮರ್ಯಾದೆ ಹೋಯಿತೆಂದು ಅತ್ತು ಕರೆದು, ಆ ಬಿಡಾರ ಮುಗಿಯುವವರೆಗೂ ಅವ್ವನೊಡನೆ ಮಾತು ಬಿಟ್ಟೆ.

ಈಗ ಅಪ್ಪನಿಗೆ ವಯಸ್ಸಾಗಿದೆ, ಬಾಯಿಗೆ ಮಾತ್ರ ಆಗಿಲ್ಲ. ಕಳೆದ ವಾರ ನಿಡಸೋಸಿಯ ಕಾಲೇಜಿನ ಇಬ್ಬರು ಹುಡುಗಿಯರು ಮೊಬೈಲು ಹಿಡಿದು ಸರ್ಕಸ್ಸಿನ ಸಂಸಾರದ ಸವಿನೆನಪು ಕೇಳಲು ಬಂದಾಗ, ಮಂಚದ ಮೇಲೆ ಚಕ್ಕಂಬಕ್ಕಳ ಹಾಕಿ, "ಒಂದ ದಿನಾನೂ ಕೈ ಬಿಟ್ಟಾಂವಲ್ಲ ನಾ" ಎಂದ. ಅವರು ಹೋದ ಮೇಲೆ ನನಗೆ ತಡೆಯಲಾಗಲಿಲ್ಲ. ಎಷ್ಟೋ ವರ್ಷಗಳಿಂದ ಹಬ್ಬಹರಿದಿನವೆನ್ನದೆ ಹಂಗಿಸಿದ್ದನ್ನೇ ಮತ್ತೊಮ್ಮೆ ಹಂಗಿಸಿದೆ: ಒಂದು ಕಿಟಕಿಯ ಸಲುವಾಗಿ ಹೆಂಡತಿಯ ಕುತ್ತಿಗೆ ಒತ್ತೆಯಿಟ್ಟವನು ನೀನು, ನಾಚಿಕೆ ಬರುವುದಿಲ್ಲವೇ ಎಂದೆ. ಅಪ್ಪ ಎಂದಿನಂತೆ ಗೋಡೆಯ ಕಡೆ ಹೊರಳಿದ.

ಅವ್ವ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದಳು. ತಲೆಯೆತ್ತಲಿಲ್ಲ.

"ಹುಕ್ಕೇರ್ಯಾಗ ನಾ ಹಲಗಿ ಮ್ಯಾಲ ನಿಂತಾಗ ಪರದೆ ಹಿಂದ ನೀ ಕಾಣತಿದ್ದಿ" ಎಂದಳು. "ಮದಲ ಗೋಕಾಕದಾಗ ನನ್ನ ನೋಡತಿದ್ದಿ. ಹುಕ್ಕೇರ್ಯಾಗ ಒಂಬತ್ತೂ ದಿನ ನನ್ನ ನೋಡಲೇ ಇಲ್ಲ. ನಿಮ್ಮಪ್ಪನ ಬಲಗೈ ನೋಡತಿದ್ದಿ. ಯಾಕಂತ ನಂಗ ತಿಳೀಲಿಲ್ಲ, ಕೈ ಜಾರೂತನಕ."

ಹನ್ನೊಂದು ವರ್ಷದ ಕೂಸು, ತಿಳಿವಳಿಕೆ ಇರಲಿಲ್ಲ ಎನ್ನಬಹುದಿತ್ತು. ತಿಳಿವಳಿಕೆ ಇದ್ದದ್ದಕ್ಕೇ ಕೈಯನ್ನು ನೋಡುತ್ತಿದ್ದೆ. ಶಾಂತಕ್ಕನ ಪಕ್ಕದಲ್ಲಿ ಮಲಗುವುದು ಬೇಡವಾಗಿದ್ದಕ್ಕೇ ಬಾಯಿ ಮುಚ್ಚಿಕೊಂಡಿದ್ದೆ.

"ಗೊತ್ತಿತ್ತವ್ವಾ" ಎಂದೆ.

"ಗೊತ್ತಿತ್ತಂತ ನಂಗೂ ಗೊತ್ತೈತಿ. ಇಷ್ಟ ವರ್ಷ ಅವನ್ನೊಬ್ಬನ್ನ ಬೈದಿ. ಸಾಕಿನ್ನ."