ಹೊರಕ್ಕೆ ತೆರೆಯುವ ಬಾಗಿಲು

ನನ್ನ ಭಾವ ದರ್ಜಿ. ಮೂವತ್ತು ವರ್ಷದಿಂದ ಕೋಟು, ಪ್ಯಾಂಟು ಹೊಲಿಯುತ್ತ ಬಂದವರು. ಊರಿನ ಅರ್ಧ ಗಂಡಸರ ಹೊಟ್ಟೆ ಯಾವ ವರ್ಷ ಎಷ್ಟು ಬೆಳೆಯಿತು ಎಂಬುದು ಅವರಿಗೆ ಬಾಯಿಪಾಠ. ಇಂಥ ಮನುಷ್ಯ ಬಚ್ಚಲಿನ ಗಾಜಿನ ಅಳತೆ ತಪ್ಪಿದರು ಎಂದರೆ ಯಾರೂ ನಂಬುವುದಿಲ್ಲ. ನಾನು ಎದುರಿಗೇ ಇದ್ದೆ, ಅದಕ್ಕೇ ಹೇಳುತ್ತಿದ್ದೇನೆ.

ನಾನು ಅವರ ಹೆಂಡತಿಯ ತಮ್ಮ. ಮನೆಗಳಿಗೆ ಬಣ್ಣ ಬಳಿಯುವುದು ನನ್ನ ಕೆಲಸ. ಅವರ ಮನೆಯ ಮಹಡಿ ಕೋಣೆಯಲ್ಲೇ ನನ್ನ ವಾಸ. ಹಾಗಾಗಿ ಆ ಮನೆಯ ವಿಷಯಕ್ಕೆಲ್ಲ ಮೂಗು ತೂರಿಸುವ ಹಕ್ಕು ನನಗಿದೆ ಎಂದು ನಾನೇ ತೀರ್ಮಾನ ಮಾಡಿಕೊಂಡಿದ್ದೇನೆ.

ಭಾವನಿಗೆ ಒಬ್ಬಳೇ ಮಗಳು. ಮನೆಯಲ್ಲಿ ಅವಳನ್ನು ಚೂಟಿ ಎನ್ನುತ್ತೇವೆ. ಹನ್ನೆರಡನೇ ವಯಸ್ಸಿಗೆ ಅವಳಿಗೆ ಮೂರ್ಛೆ ರೋಗ ಶುರುವಾಯಿತು. ನಿಂತಲ್ಲೇ ಕಣ್ಣು ಮೇಲಾಗಿ, ಕೈಕಾಲು ಸೆಟೆದು ಬೀಳುತ್ತಾಳೆ. ಎರಡು ಮೂರು ನಿಮಿಷಕ್ಕೆ ನಿಲ್ಲುತ್ತದೆ. ಮಾತ್ರೆಯಿಂದ ಈಗ ಹತೋಟಿಗೆ ಬಂದಿದೆ, ವರ್ಷಕ್ಕೆ ಎರಡೋ ಮೂರೋ ಸಲ. ಆದರೆ ಆ ಎರಡು ಮೂರು ಸಲ ಯಾವಾಗ ಎನ್ನುವುದು ಯಾರಿಗೂ ಗೊತ್ತಿಲ್ಲ. ಮೊದಲ ವರ್ಷವೇ ಒಮ್ಮೆ ಬಚ್ಚಲಲ್ಲಿ ಬಿದ್ದು ನಲ್ಲಿಗೆ ಹಣೆ ತಾಗಿ ಆರು ಹೊಲಿಗೆ ಹಾಕಿಸಬೇಕಾಯಿತು. ಅಂದಿನಿಂದ ಅವಳು ಸ್ನಾನ ಮಾಡುವಾಗ ಅಕ್ಕ ಒಳಗೇ ಸ್ಟೂಲು ಹಾಕಿಕೊಂಡು ಗೋಡೆಗೆ ಮುಖ ಮಾಡಿ ಕೂರುತ್ತಿದ್ದಳು. ಹಾಗೇ ಒಂಬತ್ತು ವರ್ಷ ಕಳೆಯಿತು.

ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರವೇ ಚೂಟಿ ಊಟದ ಮಧ್ಯೆ ಹೇಳಿದಳು.

"ಅಪ್ಪ, ಇನ್ಮೇಲೆ ನಾನೊಬ್ಳೇ ಸ್ನಾನ ಮಾಡ್ತೀನಿ."

"ಬೇಡ" ಎಂದರು ಭಾವ, ತಟ್ಟೆಯಿಂದ ತಲೆಯೆತ್ತದೆ.

"ನಂಗೆ ಇಪ್ಪತ್ತೊಂದು ವರ್ಷ ಅಪ್ಪ. ದಿನಕ್ಕೆ ಹತ್ತು ನಿಮಿಷ ಕೇಳ್ತಾ ಇದೀನಿ, ಅಷ್ಟೇ."

ಅಕ್ಕ ಮಗಳ ಕಡೆಗೆ ನಿಂತಳು. ನಾನೂ ನಿಂತೆ, ನನ್ನನ್ನು ಯಾರೂ ಕೇಳದಿದ್ದರೂ. ಕೊನೆಗೆ ಡಾಕ್ಟರ ಬಳಿ ಹೋದರು. ಡಾಕ್ಟರು ಹೇಳಿದ್ದು ಇಷ್ಟು: ಬಕೆಟ್ಟು, ನಲ್ಲಿ, ಕಮೋಡು ಯಾವುದೂ ತಾಗದ ಹಾಗೆ ಒಂದು ಮೂಲೆಯನ್ನು ಗಾಜಿನಿಂದ ಬೇರೆ ಮಾಡಿ, ಅಲ್ಲಿ ಮೇಲೆ ಷವರ್ ಹಾಕಿಸಿ. ಒಡೆದರೂ ಕುಯ್ಯದ ಗಾಜು ಹಾಕಿಸಿ. ಅಗುಳಿ ಬೇಡ. ಬಾಗಿಲು ಹೊರಕ್ಕೇ ತೆರೆಯಬೇಕು, ಒಳಗೆ ಬಿದ್ದವರು ಬಾಗಿಲಿಗೆ ಅಡ್ಡವಾದರೂ ತೆರೆಯಲು ಬರುವ ಹಾಗೆ.

ಅಲ್ಲಿಂದ ಭಾವನ ನಿದ್ದೆ ಹಾರಿಹೋಯಿತು. ಗಾಜಿನ ಅಂಗಡಿಗೆ ನಾಲ್ಕು ಸಲ ಹೋದೆವು. ಅಂಗಡಿಯಾಕೆ ತಾಳ್ಮೆಯ ಹೆಂಗಸು. ಸರಿಯುವ ಬಾಗಿಲು ತೋರಿಸಿದರೆ ಭಾವ, "ಇದು ಸಿಕ್ಕಾಕೊಂಡ್ರೆ?" ಎಂದರು. ಕೀಲಿನ ಬಾಗಿಲು ತೋರಿಸಿದರೆ, "ಈ ಕೀಲು ಕಳಚಿ ಗಾಜು ಅವಳ ಮೇಲೇ ಬಿದ್ರೆ?" ಎಂದರು. ಆಕೆ ಒಂದು ಹಳೆಯ ತುಂಡನ್ನು ಹಿತ್ತಲಲ್ಲಿಟ್ಟು ಸುತ್ತಿಗೆಯಿಂದ ಹೊಡೆದು ತೋರಿಸಿದಳು. ಗಾಜು ಕಲ್ಲುಸಕ್ಕರೆಯಂತೆ ಪುಡಿಪುಡಿಯಾಯಿತು. ಭಾವ ಕೂತು ಆ ಚೂರುಗಳನ್ನು ಬೊಗಸೆಯಲ್ಲಿ ತುಂಬಿಕೊಂಡು ಅಂಗೈಗೆ ಒತ್ತಿ ಒತ್ತಿ ನೋಡಿಕೊಂಡರು. ರಕ್ತ ಬರಲಿಲ್ಲ. ಆದರೂ ಮುಖ ಸಡಿಲಾಗಲಿಲ್ಲ. ನನಗೋ ಸಿಟ್ಟು ಬರುತ್ತಿತ್ತು. ಬಣ್ಣದ ಕೆಲಸ ಬಿಟ್ಟು ಬಂದವನು ನಾನು.

ದೊಡ್ಡ ಜಗಳ ಆಗಿದ್ದು ಗಾಜು ತಿಳಿಯಾಗಿರಬೇಕೋ ಮಸುಕಾಗಿರಬೇಕೋ ಎನ್ನುವುದಕ್ಕೆ. ಆ ದಿನ ಚೂಟಿಯೂ ಬಂದಿದ್ದಳು.

"ತಿಳಿ ಗಾಜು ಹಾಕಿ. ಬಾಗಿಲು ತೆಗೆದ ತಕ್ಷಣ ಕಾಣಬೇಕು" ಎಂದರು ಭಾವ.

"ಯಾರಿಗೆ ಕಾಣಬೇಕಪ್ಪ?" ಎಂದಳು ಅವಳು. ಭಾವನ ಮುಖ ಸಣ್ಣಗಾಯಿತು.

ಅಂಗಡಿಯಾಕೆಯೇ ದಾರಿ ತೋರಿಸಿದಳು. ಮೇಲಿನಿಂದ ಮೊಣಕಾಲಿನ ತನಕ ಮಸುಕು, ಕೆಳಗೆ ತಿಳಿ. ನಿಂತಿದ್ದರೆ ಪಾದ ಕಾಣುತ್ತದೆ, ಬಿದ್ದಿದ್ದರೆ ಅದೂ ತಿಳಿಯುತ್ತದೆ. ಇಬ್ಬರೂ ಒಪ್ಪಿದರು.

"ಅಳತೆಗೆ ನಮ್ಮ ಹುಡುಗನ್ನ ಕಳಿಸ್ತೀನಿ" ಎಂದಳು ಆಕೆ.

"ಅಳತೆ ನಾನೇ ಕೊಡ್ತೀನಿ" ಎಂದರು ಭಾವ. ಮಗಳ ವಿಷಯದಲ್ಲಿ ಬೇರೆಯವರ ಟೇಪನ್ನು ಅವರು ನಂಬುವವರಲ್ಲ.

ಅಂದು ಸಂಜೆ ಬಚ್ಚಲಲ್ಲಿ ಅವರು ಟೇಪು ಹಿಡಿದರು, ನಾನು ತುದಿ ಹಿಡಿದೆ. ಗೋಡೆ ನೆಟ್ಟಗಿರುವುದಿಲ್ಲ ಎಂದು ಬಣ್ಣದವನಾದ ನನಗೆ ಗೊತ್ತು. ಅವರಿಗೂ ಗೊತ್ತಿತ್ತು. ಎದೆ, ಸೊಂಟ, ಕೆಳಗೆ ಎಂದು ಗಿರಾಕಿಯನ್ನು ಅಳೆದ ಹಾಗೆ ಗೋಡೆಯನ್ನು ಮೂರು ಕಡೆ ಅಳೆದರು. ಬಹಳ ಜಾಣತನದ ಕೆಲಸ ಎಂದುಕೊಂಡೆ. ಆಮೇಲೆ ಮೂರರಲ್ಲಿ ದೊಡ್ಡ ಅಳತೆ ಹಿಡಿದು, ಎರಡೂ ಬದಿಗೆ ಅರ್ಧರ್ಧ ಇಂಚು ಸೇರಿಸಿ ಚೀಟಿಯಲ್ಲಿ ಬರೆದರು. ಕೋಟಿಗೆ ಹೊಲಿಗೆಯ ಅಂಚು ಬಿಡುತ್ತಾರಲ್ಲ, ಹಾಗೆ. ನಾನು ನೋಡುತ್ತಲೇ ಇದ್ದೆ, ನನಗೂ ಹೊಳೆಯಲಿಲ್ಲ.

ಹನ್ನೆರಡು ದಿನಕ್ಕೆ ಗಾಜು ಬಂತು. ಕೂರಿಸಲು ಬಂದವನು ಒಂದು ಸಲ ಇಟ್ಟು ನೋಡಿದ, ಓರೆ ಮಾಡಿ ನೋಡಿದ, ಕೆಳಗಿಟ್ಟ.

"ಯಾರು ಸ್ವಾಮಿ ಅಳತೆ ಕೊಟ್ಟಿದ್ದು? ಗಾಜಿಗೆ ಸಣ್ಣ ಅಳತೆ ಹಿಡೀಬೇಕು, ಅದರಲ್ಲೂ ಸ್ವಲ್ಪ ಕಮ್ಮಿ. ನೀವು ದೊಡ್ಡದು ಹಿಡಿದು ಮೇಲಿಂದ ಸೇರಿಸಿದೀರ."

"ಅಂಚು ಕುಯ್ದರಾಯ್ತು" ಎಂದರು ಭಾವ.

"ಈ ಗಾಜನ್ನ ಕುಯ್ಯಕ್ಕಾಗಲ್ಲ. ಕುಯ್ಯೋಕೆ ಹೋದ್ರೆ ಪೂರ್ತಿ ಪುಡಿ ಆಗತ್ತೆ. ಹೊಸದೇ ಮಾಡಿಸ್ಬೇಕು, ಇನ್ನೂ ಹನ್ನೆರಡು ದಿನ."

ಭಾವ ತಲೆ ಮೇಲೆ ಕೈ ಹೊತ್ತು ಮೆಟ್ಟಿಲ ಮೇಲೆ ಕೂತರು. ಮೂವತ್ತು ವರ್ಷದಲ್ಲಿ ಅವರ ಕೈಯಲ್ಲಿ ಬಟ್ಟೆ ಹಾಳಾದದ್ದು ನಾನು ಕೇಳಿಲ್ಲ. ಚೂಟಿ ಬಂದು ಪಕ್ಕದಲ್ಲಿ ಕೂತಳು. ಬೈಯಲಿಲ್ಲ.

"ಅಪ್ಪ, ಬೇಕಂತ ಮಾಡಿದ್ಯಾ?" ಎಂದಳು.

ಇಲ್ಲ ಎಂದು ಆಣೆ ಮಾಡುತ್ತಾರೆ ಎಂದುಕೊಂಡೆ. ಅವರು ತಮ್ಮ ಕೈಯನ್ನೇ ನೋಡಿಕೊಂಡರು.

"ಗೊತ್ತಿಲ್ಲ ಕಂದಾ" ಎಂದರು. "ಬೇಕಂತ ಮಾಡಿಲ್ಲ ಅನ್ಕೊಂಡಿದೀನಿ."

ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಮಹಡಿಗೆ ಹೋದೆ. ಅಷ್ಟು ದಿನ ಅವರನ್ನು ಆಡಿಕೊಂಡಿದ್ದಕ್ಕೆ ನಾಚಿಕೆಯಾಯಿತು.

ಎರಡನೇ ಸಲ ಅಂಗಡಿಯ ಹುಡುಗನೇ ಬಂದು ಅಳೆದ. ಗಾಜು ಸರಿಯಾಗಿ ಕೂತಿತು. ಬಾಗಿಲನ್ನು ಭಾವ ನೂರು ಸಲ ತೆರೆದು ಮುಚ್ಚಿ ನೋಡಿದರು. ಒಳಗೆ ತಾವೇ ಮಲಗಿ ನನ್ನ ಕೈಯಿಂದ ಹೊರಕ್ಕೆ ಎಳೆಸಿದರು. ಮಾರನೇ ದಿನದಿಂದ ಚೂಟಿ ಒಬ್ಬಳೇ ಸ್ನಾನಕ್ಕೆ ಹೋದಳು. ಅಕ್ಕನ ಸ್ಟೂಲು ಬಚ್ಚಲಿನಿಂದ ಹೊರಗೆ ಬಂತು, ಅದರ ಮೇಲೆ ಭಾವ ಕೂತರು. ನೀರು ಬೀಳುವ ಸದ್ದಿಗೆ ಕಿವಿಗೊಟ್ಟು, ಮುಳ್ಳಿನ ಮೇಲೆ ಕೂತವರ ಹಾಗೆ. ಎರಡು ನಿಮಿಷಕ್ಕೊಮ್ಮೆ "ಚೂಟೀ" ಎನ್ನುವುದು, ಒಳಗಿನಿಂದ "ಇದೀನಪ್ಪ" ಎನ್ನುವುದು. ಏಳು ದಿನ ಹೀಗೇ ನಡೆಯಿತು.

ಎಂಟನೇ ದಿನ ನಾನು ಕೆಲಸಕ್ಕೆ ಹೊರಟು ಕೆಳಗಿಳಿಯುತ್ತಿದ್ದೆ. "ಚೂಟೀ" ಎಂದರು ಭಾವ. ಉತ್ತರವಿಲ್ಲ. ಏನೋ ಧೊಪ್ಪೆಂದಿತು, ಗಾಜು ಅದುರಿದ ಸದ್ದು. ಭಾವ ಒಳಗೆ ನುಗ್ಗಿದರು. ಗಾಜಿನ ಬಾಗಿಲು ತೆರೆದದ್ದು, ನೀರು ನಿಂತದ್ದು ಕೇಳಿಸಿತು. "ಟವೆಲ್ ತಾರೇ" ಎಂದು ಅಕ್ಕನನ್ನು ಕೂಗಿದರು. ಅಕ್ಕ ಅಡುಗೆಮನೆಯಿಂದ ಓಡಿದಳು. ನಾನು ಹೊರಗೇ ಗೋಡೆ ಹಿಡಿದು ನಿಂತೆ.

"ಪಕ್ಕಕ್ಕೆ ತಿರುಗಿಸು... ಇರು, ಹಿಡೀಬೇಡ, ತಾನೇ ನಿಲ್ಲತ್ತೆ." ಭಾವನ ದನಿ. ಮಾಡಬೇಕಾದ್ದನ್ನೆಲ್ಲ ಸರಿಯಾಗಿಯೇ ಮಾಡುತ್ತಿದ್ದರು.

ಮೂರು ನಿಮಿಷವಿರಬೇಕು. ನಿಂತಿತು. ಹಣೆಗೆ, ತಲೆಗೆ ಏನೂ ಆಗಿರಲಿಲ್ಲ, ಭುಜ ಮಾತ್ರ ಕೆಂಪಾಗಿತ್ತಂತೆ. ಇನ್ನೂ ಸ್ವಲ್ಪ ಹೊತ್ತಿಗೆ ಅವಳ ದನಿ ಕೇಳಿಸಿತು, ನಾಲಿಗೆ ತೊದಲುತ್ತಿತ್ತು.

"ಬಿದ್ನಾ?"

"ಬಿದ್ದೆ. ಏನೂ ಆಗಿಲ್ಲ. ಎದ್ದೇಳ್ಬೇಡ" ಎಂದಳು ಅಕ್ಕ.

ಆಮೇಲೆ ಚೂಟಿ, "ಅಪ್ಪ, ನಾಳೇನೂ ನಾನೊಬ್ಳೇ" ಎಂದಳು.

ಭಾವ ಏನು ಹೇಳುತ್ತಾರೆ ಎಂದು ನಾನು ಕಿವಿಗೊಟ್ಟು ನಿಂತಿದ್ದೆ. ಅವರ ಜಾಗದಲ್ಲಿ ನಾನಿದ್ದರೆ ಬೇಡ ಎನ್ನುತ್ತಿದ್ದೆ, ಖಂಡಿತ ಎನ್ನುತ್ತಿದ್ದೆ.

"ಆಯ್ತು" ಎಂದರು.

ಮಾರನೇ ದಿನ ಅವಳ ಸ್ನಾನದ ಹೊತ್ತಿಗೆ ಭಾವ ಮನೆಯಲ್ಲಿರಲಿಲ್ಲ. ಅಕ್ಕ ಅಡುಗೆಮನೆಯಲ್ಲಿದ್ದಳು, ಬಚ್ಚಲಿನ ಬಾಗಿಲು ಮುಚ್ಚಿತ್ತು. ಹುಡುಕಿಕೊಂಡು ಅವರ ಹೊಲಿಗೆ ಅಂಗಡಿಗೆ ಹೋದೆ. ಇನ್ನೂ ಬೀಗ ತೆಗೆಯದ ಅಂಗಡಿಯ ಮುಂದೆ ಅವರು ಫೋನು ಹಿಡಿದು ನಿಂತಿದ್ದರು. ಮನೆಯಲ್ಲಿದ್ದರೆ ಬಾಗಿಲು ಬಡಿದುಬಿಡುತ್ತೇನೆ, ಅದಕ್ಕೇ ಬಂದೆ ಎಂದರು. ಅವರ ಜೊತೆ ನಾನೂ ನಿಂತೆ. ಬೀದಿಯಲ್ಲಿ ಜನ ಓಡಾಡುತ್ತಿದ್ದರು, ನಮಗೆ ಯಾರೂ ಕಾಣಿಸಲಿಲ್ಲ.

ಫೋನು ಹೊಡೆದುಕೊಂಡಿತು. "ಅಪ್ಪ, ಸ್ನಾನ ಆಯ್ತು" ಎಂದಳು ಚೂಟಿ, ನನಗೂ ಕೇಳಿಸುವಷ್ಟು ಜೋರಾಗಿ.

ಭಾವ ಅಂಗಡಿಯ ಮೆಟ್ಟಿಲ ಮೇಲೆ ಕೂತರು.

"ತಲೆ ಚೆನ್ನಾಗಿ ಒರೆಸ್ಕೋ" ಎಂದರು.