ಮಂಜಣ್ಣನ ದನಿಯಲ್ಲಿ ಕೊಟ್ಟ ಲೈನು

ಮೂರು ವರ್ಷದ ಹಿಂದೆ ನಾನು ಹೊನ್ನಾವರದಲ್ಲಿ ಲಿಫ್ಟ್ ಕೂರಿಸುವ ಕಚೇರಿಯೊಂದರಲ್ಲಿ ಟೆಕ್ನಿಷಿಯನ್ ಆಗಿದ್ದೆ. ಕೆಲಸಕ್ಕಿಂತ ಹೆಚ್ಚು ಹೆಸರು ತಂದದ್ದು ಮಿಮಿಕ್ರಿ. ನಮ್ಮ ಸೂಪರ್‌ವೈಸರ್ ಮಂಜಣ್ಣ ಗಂಟಲು ಕೆರೆದು ಮಾತಾಡುವುದನ್ನು ಅವರಿಗಿಂತ ಚೆನ್ನಾಗಿ ನಾನೇ ಮಾಡುತ್ತಿದ್ದೆ. ನನ್ನದೇ ನಡುಗುವ ಇಂಗ್ಲಿಷನ್ನೂ ಅಣಕಿಸದೆ ಬಿಟ್ಟವನಲ್ಲ.

ಭಟ್ಕಳದ ನಾಲ್ಕು ಮಹಡಿಯ ಕಟ್ಟಡವೊಂದಕ್ಕೆ ನಮ್ಮ ಲಿಫ್ಟು. ಅಲ್ಲಿನ ವೈರಿಂಗ್ ಇಲಿಯಾಸ್ ಭಾಯಿಯದು. ಒಂದು ಮಧ್ಯಾಹ್ನ ಅವರ ಫೋನ್ ಬಂತು. ಮಂಜಣ್ಣ ಊಟಕ್ಕೆ ಹೋಗಿದ್ದರು, ಎತ್ತಿದ್ದು ನಾನು.

"ಮಂಜಣ್ಣ, ಮೇನ್ ಪ್ಯಾನೆಲ್ ದೂರ ಆತು. ನೀರಿನ ಪಂಪಿನ ಬೋರ್ಡಿಂದಲೇ ಲಿಫ್ಟಿಗೆ ಲೈನ್ ಎಳೀಲಾ?"

ಲಿಫ್ಟಿಗೆ ಮೇನ್ ಪ್ಯಾನೆಲ್‌ನಿಂದ ಪ್ರತ್ಯೇಕ ತ್ರೀ ಫೇಸ್ ಲೈನ್ ಬೇಕು. ಬೇರೆ ಮೋಟಾರು ಅದನ್ನು ಹಂಚಿಕೊಳ್ಳಬಾರದು. ನಮ್ಮ ಕೆಲಸದ ಮೊದಲ ಪಾಠವೇ ಇದು. ನಾನು ಗಂಟಲು ಕೆರೆದೆ.

"ಎಳಿ ಮಾರಾಯಾ. ಲಿಫ್ಟ್ ಎಂತ ಪಂಪಿನ ನೀರು ಕುಡೀತದಾ?"

ಕಚೇರಿಯವರೆಲ್ಲ ಬಿದ್ದು ಬಿದ್ದು ನಕ್ಕರು. ಆಮೇಲೆ ಫೋನ್ ಮಾಡಿ ತಮಾಷೆಯೆಂದು ತಿಳಿಸಬೇಕೆಂದಿದ್ದೆ. ಮರೆತೆ. ತಿಂಗಳ ನಂತರ ಪರೀಕ್ಷೆಗೆ ಹೋದವನೂ ನಾನೇ. ಪಂಪ್ ನಿಂತಿತ್ತು, ಮೀಟರ್ ಬೇಕಾದಷ್ಟೇ, ೪೧೫ ವೋಲ್ಟ್ ತೋರಿಸಿತು. ಲೈನ್ ಎಲ್ಲಿಂದ ಬಂದಿದೆ ಎಂದು ನೋಡದೆ ಸಹಿ ಹಾಕಿದೆ.

ವಾರದೊಳಗೆ ಒಂದು ಬೆಳಿಗ್ಗೆ ಲಿಫ್ಟ್ ಎರಡು ಮಹಡಿಗಳ ನಡುವೆ ನಿಂತಿತು. ಒಳಗೆ ತುಂಬು ಬಸುರಿ. ನಾವು ಹೊನ್ನಾವರದಿಂದ ಧಾವಿಸಿ, ಬ್ರೇಕ್ ಸಡಿಲಿಸಿ ಕೈಯಿಂದ ಇಳಿಸುವಾಗ ಗಂಟೆ ದಾಟಿತ್ತು. ಪುಣ್ಯಕ್ಕೆ ಅವಳಿಗೆ ಏನೂ ಆಗಲಿಲ್ಲ. ಮಂಜಣ್ಣ ಪಂಪ್ ಚಾಲೂ ಮಾಡಿಸಿ ನೋಡಿದರು: ಮೀಟರ್ ೩೪೦ಕ್ಕೆ ಕುಸಿಯಿತು. ಲಿಫ್ಟ್ ನಿಂತದ್ದು ಅದಕ್ಕೇ.

ಕಟ್ಟಡದ ಮಾಲೀಕರು ಅಲ್ಲೇ ನಿಂತಿದ್ದ ಇಲಿಯಾಸ್ ಭಾಯಿಯತ್ತ ತಿರುಗಿದರು. "ಇಪ್ಪತ್ತು ವರ್ಷದ ಕೆಲಸಗಾರ ಅಂತ ನಂಬಿದ್ದೆ. ನಾಳೆಯಿಂದ ಬರೂದು ಬೇಡ."

"ಮಂಜಣ್ಣನೇ ಹೇಳಿದ್ದು! ಕೇಳಿ ಬೇಕಾದ್ರೆ."

"ನಾನಾ? ನೀ ಸುಳ್ಳು ಎಂತಕ್ಕೆ ಹೇಳ್ತೆ ಇಲಿಯಾಸಾ?" ಎಂದರು ಮಂಜಣ್ಣ.

ಇಪ್ಪತ್ತು ವರ್ಷದ ಹೆಸರು ಕಣ್ಣೆದುರೇ ಹೋಗುತ್ತಿತ್ತು. ನಾನು ಟೂಲ್ ಬ್ಯಾಗಿನ ಜಿಪ್ ಎಳೆಯುತ್ತ ನಿಂತಿದ್ದೆ. ಇಲಿಯಾಸ್ ಭಾಯಿ ಟೆಸ್ಟರ್ ಜೇಬಿಗಿಟ್ಟು ಮೆಟ್ಟಿಲು ಇಳಿಯತೊಡಗಿದಾಗ ಗಂಟಲು ಕೆರೆದೆ. ಅದೇ ದನಿ, ಅದೇ ಮಾತು: "ಎಳಿ ಮಾರಾಯಾ..." ಯಾರೂ ನಗಲಿಲ್ಲ.

ಇಲಿಯಾಸ್ ಭಾಯಿ ತಿರುಗಿ ನೋಡಿದರು. "ಚಲೋ ಮಾಡ್ತೆ ನೀ. ಈಗ ನಿನ್ನ ದನೀಲಿ ಹೇಳು."

"ಹೇಳಿದ್ದು ನಾನು." ಎರಡೇ ಶಬ್ದ; ಅಷ್ಟು ಕೆಟ್ಟದಾಗಿ ನನ್ನನ್ನು ನಾನು ಎಂದೂ ಅನುಕರಿಸಿರಲಿಲ್ಲ.

ಇಲಿಯಾಸ್ ಭಾಯಿಯ ಕೆಲಸ ಉಳಿಯಿತು. ಹೊಸ ಲೈನಿಗೆ ಮೂರು ದಿನ ಗೋಡೆ ಕೊರೆದವನು ನಾನು. ಈಗ ಪಂಪ್ ಓಡಿಸಿಯೇ ವೋಲ್ಟೇಜ್ ಅಳೆಯುತ್ತೇನೆ; ಫೋನ್ ಎತ್ತಿದರೆ ಮೊದಲು ನನ್ನ ಹೆಸರು ಹೇಳುತ್ತೇನೆ. ಆದರೂ ಇಲಿಯಾಸ್ ಭಾಯಿ ಇಂದಿಗೂ ಎರಡು ಸಲ ಕೇಳುತ್ತಾರೆ: "ಮಾತಾಡೂದು ಯಾರು?"